ಅರ್ಧ ಸೌತೆಕಾಯಿ

ಬುಸಾನಿನ ಮೀನುಪೇಟೆಯಲ್ಲಿ ನಲವತ್ತು ವರ್ಷ
ಬಂಗಡೆಯ ಬೆಲೆ ಕೂಗಿ ಕೂಗಿ
ಒಡೆದುಹೋದ ಗಂಟಲು ಮಾಲ್ಸುನ್‌ಳದು.
ಹೆಣ್ಣು ಇಲ್ಲಿಗೆ ಸಾಕು ಅಂತ ಅಪ್ಪ ಇಟ್ಟ ಹೆಸರು.

ಜಿರಿಸಾನ್ ಬೆಟ್ಟದ ಮೆಟ್ಟಿಲಿಗೆ
ಅವಳ ಮಂಡಿಯ ಪರಿಚಯವಿಲ್ಲ.
ಮೊದಲ ತಾಸು ಬರೀ ಲೆಕ್ಕ:
ಮಳಿಗೆ ಬಾಡಿಗೆ, ಐಸು,
ನಾದಿನಿ ಮರೆತಂತೆ ನಟಿಸುವ ಸಾಲ.
ಎರಡನೆಯ ತಾಸಿಗೆ ಲೆಕ್ಕ ತಪ್ಪಿತು.
ಮತ್ತೆ ಮೊದಲಿಂದ ಎಣಿಸೋಣವೆಂದರೆ
ಉಸಿರೇ ಉಳಿದಿರಲಿಲ್ಲ.

ಗಿಡ್ಡ ಬಿದಿರು, ಬಂಡೆ, ಹಗ್ಗ ಹಿಡಿದು ದಾಟುವ ತಿರುವು.
ಕೈ ಮೂಸಿಕೊಂಡಳು, ಹಳೇ ಅಭ್ಯಾಸ.
ಮೀನಿಲ್ಲ.
ಪೈನ್ ಮರದ ಅಂಟು.

ತುದಿಯಲ್ಲಿ ಹೆಸರು ಕೊರೆದ ಕಲ್ಲು, ಫೋಟೋಗೆ ಸಾಲು.
ಹುಡುಗರು ಕಣಿವೆಗೆ ಬಾಯಿ ತೆರೆದು
ಯಾಹೋ ಅಂದರು; ಕಣಿವೆಯೂ ಅಂದಿತು.
ನೀವೂ ಒಂದು ಕೂಗು ಹಾಕಿ ಅಜ್ಜೀ, ಎಂದನೊಬ್ಬ.

ಚೀಲದಿಂದ ಸೌತೆಕಾಯಿ ತೆಗೆದಳು.
ಲಟಕ್ಕನೆ ಮುರಿದು ಅರ್ಧ ಅವನ ಕೈಗಿತ್ತು,
ತೊಟ್ಟಿನ ಕಡೆಯದು ತಾನಿಟ್ಟುಕೊಂಡು
ಕೂತಳು.

ಕೆಳಗಿನಿಂದ ಮಂಜು ಹತ್ತಿ ಬಂತು,
ಅವಳೆದುರು ಒಂದು ಗಳಿಗೆ ನಿಂತು,
ಏನನ್ನೂ ಕೇಳದೆ, ಏನನ್ನೂ ಕೊಳ್ಳದೆ
ಮುಂದೆ ಹೋಯಿತು.

ಮಾಲ್ಸುನ್ ಕೂಗಲಿಲ್ಲ. ಅಗಿಯುತ್ತಿದ್ದಳು.
ಕೊನೆಯ ತುಂಡು ಕೊಂಚ ಕಹಿ;
ಅದನ್ನೂ ತಿಂದಳು.