ಆ ಸಾಲಿನ ಜಾಗದಲ್ಲಿ

ಟಿಕೆಟ್ಟಿನ ಮೇಲೆ ಬರೆದಿದೆ: ಎಂಟು ಗಂಟೆ, ನಿಲ್ಲುವ ಜಾಗ.
ನನ್ನ ಮಂಡಿಗೆ ಇದನ್ನು ಹೇಳಿರಲಿಲ್ಲ.
ಮೂವತ್ತೊಂದು ವರ್ಷ ಹಡಗುಕಟ್ಟೆಯ ಕಿಂಡಿಯ ಹಿಂದೆ ಕೂತು
ದ್ವೀಪಕ್ಕೆ ಹೋಗುವವರಿಗೆ ಚೀಟಿ ಹರಿದುಕೊಟ್ಟವಳು ನಾನು;
ಇವತ್ತು ಯಾರೋ ಹುಡುಗ ನನ್ನ ಚೀಟಿ ಹರಿದ,
ಮಣಿಕಟ್ಟಿಗೆ ನೀಲಿ ಮುದ್ರೆ ಒತ್ತಿದ,
ಸಂತೆಗೆ ಬಂದ ಕುರಿಗೆ ಒತ್ತಿದ ಹಾಗೆ.

ರಿಯೇಕಾದ ಹಳೆಯ ಕಾಗದದ ಕಾರ್ಖಾನೆ.
ಮಾಡು ಹಾರಿಹೋದ ಕಡೆ ಆಕಾಶ.
ಬೂರಾ ಗಾಳಿ ಬೆಟ್ಟ ಇಳಿದು ಬಂದು
ಬಿಯರಿನ ಖಾಲಿ ಲೋಟಗಳನ್ನು ಅಟ್ಟಿಸಿಕೊಂಡು ಹೋಗುತ್ತಿದೆ.
ಸುತ್ತ ನನ್ನ ವಯಸ್ಸಿನವರೇ,
ಹೊಟ್ಟೆಯ ಮೇಲೆ ಬಿಗಿದ ಕರಿ ಅಂಗಿ, ಅದರಲ್ಲಿ ಬಿರುಕುಬಿಟ್ಟ ಅಕ್ಷರ:
ಮೊಕ್ರ ಶಿಬಿತ್ಸ.
ಒದ್ದೆ ಬೆಂಕಿಕಡ್ಡಿ ಎಂದರ್ಥ. ಇಟ್ಟಾಗ ತಮಾಷೆಗೆ ಇಟ್ಟ ಹೆಸರು.

ತೊಂಬತ್ತರಲ್ಲಿ ತಂಡ ಒಡೆಯಿತು. ಆಮೇಲೆ ದೇಶವೂ ಒಡೆದದ್ದರಿಂದ
ಜನ ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತಾರೆ.
ಹಾಗೇನಿಲ್ಲ.
ಕೋಪೆರ್‌ನ ಪೆಟ್ರೋಲ್ ಬಂಕಿನಲ್ಲಿ, ವ್ಯಾನಿನ ಡೀಸೆಲ್ಲಿಗೆ
ಯಾರು ದುಡ್ಡು ಕೊಡಬೇಕೆಂದು
ಎರ್ಮಾನೊ, ಲಿವಿಯೊ ಕೈಕೈ ಮಿಲಾಯಿಸಿದ್ದು, ಅಷ್ಟೇ.
ಅಂದಿನಿಂದ ಎಣ್ಣೆ ಸೀಗೆಕಾಯಿ.
ಇಬ್ಬರಿಗೂ ನಾನೇ ಟಿಕೆಟ್ ಕೊಟ್ಟಿದ್ದೇನೆ, ಒಂದೇ ಹಡಗಿಗೆ;
ಅವನು ಮೇಲಿದ್ದಾನೆ, ನೀನು ಕೆಳಗೆ ಕೂರು ಎಂದೂ ಹೇಳಿದ್ದೇನೆ.

ಈಗ ಇಗೋ ಬಂದರು.
ಲಿವಿಯೊ ಗಿಟಾರ್ ಹೆಗಲಿಗೇರಿಸಿ, ಕನ್ನಡಕ ಹುಡುಕಿ,
ಕಾಲಬುಡದಲ್ಲಿ ಅಂಟಿಸಿದ ಹಾಡಿನ ಪಟ್ಟಿ ಓದಿದ.
ಮೊದಲ ಎರಡು ಹಾಡು ಕೆಟ್ಟದಾಗಿದ್ದವು, ಹೇಳಿಬಿಡುತ್ತೇನೆ.
ಮೂರನೆಯದಾದ ಮೇಲೆ ಬ್ರಾನಿಮಿರ್ ಡ್ರಮ್ಮಿನ ಹಿಂದೆ ಎದ್ದು
ಸೊಂಟ ನೀವಿಕೊಂಡ; ಅದಕ್ಕೇ ದೊಡ್ಡ ಚಪ್ಪಾಳೆ.
ನಾಲ್ಕನೆಯದು ಹೊತ್ತಿಕೊಂಡಿತು. ಹೇಗೋ ಗೊತ್ತಿಲ್ಲ.
ಎರ್ಮಾನೊನ ಗಂಟಲು ಒಂದು ಮೆಟ್ಟಿಲು ಕೆಳಗಿಳಿದಿದೆ,
ಅಲ್ಲೇ ಕೂತು ಹಾಡಿದ.

ಆಮೇಲೆ 'ರಾತ್ರಿಪಾಳಿ'.
ಈ ಹಾಡು ಯಾವ ಡಿಸ್ಕಿನಲ್ಲೂ ಇಲ್ಲ. ಒಂದೇ ಸಲ ರೇಡಿಯೊದಲ್ಲಿ ಬಂದದ್ದು,
ನನಗೆ ಹದಿನೆಂಟು, ಅಡುಗೆಮನೆಯ ಮೇಜು,
ರೇಡಿಯೊದ ಬಾಯಿಗೆ ಟೇಪ್‌ರೆಕಾರ್ಡರ್ ಹಿಡಿದು ಉಸಿರು ಕಟ್ಟಿದ್ದೆ.
ಮೂರನೆಯ ಚರಣದ ಕೊನೆಗೆ ಸರಿಯಾಗಿ ಅಮ್ಮ:
"ನೆವೆಂಕಾ, ಮನೆಷ್ಟ್ರ ಆರಿಹೋಗ್ತಿದೆ!"
ಸಾಲು ಪೂರ್ತಿ ನುಂಗಿಹೋಯಿತು.
ಅವತ್ತು ನಾನು ಅತ್ತೆ, ಉಣ್ಣಲಿಲ್ಲ, ಎರಡು ದಿನ ಮಾತಾಡಲಿಲ್ಲ.

ಆಮೇಲೆ ಆ ಕ್ಯಾಸೆಟ್ಟೇ ನನಗೆ ಗತಿ.
ಟೇಪು ಸುಕ್ಕಾಗಿ ಎರ್ಮಾನೊ ನೀರಲ್ಲಿ ಮುಳುಗಿದವನಂತೆ ಹಾಡತೊಡಗಿದ ಮೇಲೂ
ಅಮ್ಮ ಮಾತ್ರ ಸ್ಪಷ್ಟ.
ಅಮ್ಮ ಹೋದ ಮೇಲೂ ಸ್ಪಷ್ಟ.
ಕೆಳಗೆ ಹೂತುಹೋದ ಸಾಲಿನಲ್ಲೇ ಎಲ್ಲ ಇರಬೇಕು
ಎಂದು ಎಷ್ಟು ವರ್ಷ ಅಂದುಕೊಂಡೆನೋ.

ಇವತ್ತು ಕೇಳಿಸಿತು, ಅಡ್ಡಿಯಿಲ್ಲದೆ, ಎಂಟು ಸ್ಪೀಕರಿನಿಂದ:
'ಕಿಟಕಿಯಲ್ಲಿಟ್ಟ ನನ್ನ ಬೂಟು ಇನ್ನೂ ಒಣಗಿಲ್ಲ.'

ಇಷ್ಟೆಯೇ.

ಆದರೆ ನನ್ನ ಬಾಯಿ ನನ್ನನ್ನು ಕೇಳಲಿಲ್ಲ.
ತಾಳ ತಪ್ಪದೆ, ಅದೇ ಜಾಗದಲ್ಲಿ, ಅದೇ ಏರುದನಿಯಲ್ಲಿ
"ನೆವೆಂಕಾ, ಮನೆಷ್ಟ್ರ ಆರಿಹೋಗ್ತಿದೆ" ಎಂದು ಕೂಗಿಬಿಟ್ಟಿತು.
ಪಕ್ಕದ ಬೋಳುತಲೆಯವನು ತಿರುಗಿ,
"ಇದು ಬೇರೆ ಪಾಠವೇ? ನಾನು ಕೇಳಿಲ್ಲ" ಎಂದ.
"ಹೌದು," ಎಂದೆ, "ನಮ್ಮ ಮನೆಯದು."

ವೇದಿಕೆಯ ಮೇಲೆ ಎರ್ಮಾನೊ ನೀರಿನ ಬಾಟಲಿ ಚಾಚಿದ;
ಲಿವಿಯೊ ಅವನ ಮುಖ ನೋಡದೆ ತೆಗೆದುಕೊಂಡು ಕುಡಿದ.

ಕೊನೆಯ ಬಸ್ಸು. ಮನೆಗೆ ಬಂದಾಗ ಒಂದು ಗಂಟೆ, ಕೆಟ್ಟ ಹಸಿವು.
ಬೂಟು ಬಿಚ್ಚದೆ ನಿಂತು ಪಾತ್ರೆಯ ಮುಚ್ಚಳ ತೆಗೆದೆ.
ಎರಡೂ ಕಿವಿಯಲ್ಲಿ ಗುಂಯ್ ಎಂದು ಒಂದೇ ಸಮನೆ.
ಯಾರಾದರೂ ಕೂಗಿದ್ದರೂ
ಕೇಳಿಸುತ್ತಿರಲಿಲ್ಲ.