ಎಳೆ ಪಾಕ

ಮಿಲ್ಡ್ಯೂರಾದ ಬಿಡಿಭಾಗದಂಗಡಿಯ ಮೂರನೇ ಸಾಲಲ್ಲಿ
ಅರ್ಧ ಗಂಟೆಯಿಂದ ನಿಂತಿದ್ದೇನೆ.
ಐದು ಡಬ್ಲ್ಯೂ ಮೂವತ್ತು. ಹತ್ತು ಡಬ್ಲ್ಯೂ ನಲವತ್ತು.
ಯಾವ ಮಗ್ಗಿಗೂ ಸಿಗದ ಲೆಕ್ಕ.

ಹೊರಗೆ ನಲವತ್ತಮೂರು ಡಿಗ್ರಿ.
ಬಿಸಿಲಲ್ಲಿ ಕೂತಿದೆ ನನ್ನ ಕ್ಯಾಮ್ರಿ,
ಮೂರು ಲಕ್ಷ ಕಿಲೋಮೀಟರ್ ಸವೆಸಿ;
ಈಚೆಗೆ ಬೆಳಗ್ಗೆ ಎಬ್ಬಿಸಿದರೆ
ಕಟಕಟ ಹಲ್ಲು ಕಡಿಯುತ್ತದೆ.

ಅಂಗಡಿಯ ಮರ್ವ್ ಬಂದ. ನರೆತ ಹುಬ್ಬು, ಎಣ್ಣೆ ಕುಡಿದ ಉಗುರು.
'ಡಬ್ಲ್ಯೂ ಅಂದರೆ ತೂಕ ಅಲ್ಲ ಕಣಮ್ಮ, ಚಳಿಗಾಲ.'
ಇಷ್ಟು ವರ್ಷ ತೂಕವೆಂದೇ ಹೊತ್ತಿದ್ದೆ.

ಬಾನೆಟ್ಟು ಎತ್ತಿ, ಕಡ್ಡಿ ಎಳೆದು,
ಹನಿಯೊಂದನ್ನು ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ
ಒತ್ತಿದ, ಬಿಡಿಸಿದ, ಕಣ್ಣು ಕಿರಿದಾಗಿಸಿದ

ಅಯ್ಯೋ, ಇದು ನನಗೆ ಗೊತ್ತು!
ರವೆ ಉಂಡೆಯ ಪಾಕ.
ಎಳೆ ಬಂತೇ, ಬಂದದ್ದು ನಿಂತೀತೇ;
ಒಂದು ಕುದಿ ಹೆಚ್ಚಾದರೆ ಕಲ್ಲು,
ಅವಸರಪಟ್ಟರೆ ಉಂಡೆ ಕಟ್ಟದು.
ಯಾವ ಡಬ್ಬಿಯ ಮೇಲೂ ಅಂಕಿ ಇರಲಿಲ್ಲ,
ತುಂಗಕ್ಕನ ಎರಡು ಬೆರಳಿದ್ದವು.

ಎಳೆ ಕಡಿಯಿತು.
'ತೀರಾ ತೆಳು' ಅಂದೆ, ಅವನು ಬಾಯಿ ತೆರೆಯುವ ಮೊದಲೇ.
ಮರ್ವ್ ಹುಬ್ಬೇರಿಸಿ
ಹತ್ತು-ನಲವತ್ತರ ಡಬ್ಬಿ ಕೈಗಿಟ್ಟ, ಕಡ್ಡಿಯನ್ನೂ ಕೊಟ್ಟ:
'ನೀನೇ ನೋಡು.'

ಮುಟ್ಟಿದೆ. ಎಳೆದೆ. ಹೌದು, ತೆಳುವೇ.
ಅಭ್ಯಾಸಬಲ ನೋಡಿ,
ಬೆರಳು ಬಾಯಿಗೆ ಹೋಗುವುದರಲ್ಲಿತ್ತು.