ಏಡಿ ಬಿಲ

ಹನ್ನೊಂದೂವರೆ. ಮನೆಯಲ್ಲಿ ಯಾರೂ ಏನನ್ನೂ ತರಿಸಿಕೊಳ್ಳುತ್ತಿಲ್ಲ.
ಆದರೂ ರೂಟರಿನ ಹಸಿರು ದೀಪ
ಒಲೆ ಆರಿಸಿದ ಮೇಲೂ ಕುದಿಯುವ ಎಸರಿನ ಹಾಗೆ
ಪಟಪಟ ಮಿಟುಕುತ್ತಿದೆ.

ಅಪ್ಪ ಚಾಪೆಯಿಂದಲೇ ಕೇಳಿದ:
'ಎಲ್ಲಿಗವ್ವ ಹೋಯ್ತಾ ಅದೆ ನೀರು?'

ನೀರಲ್ಲ ಅಪ್ಪ.
ಹೊಳಲಿನ ಅರ್ಧ ಊರಿನ ಆಧಾರು, ಪಹಣಿ, ಜಾತಿಪತ್ರ,
ಪುಟ್ಟಮಾದಮ್ಮನ ವಿಧವಾ ಪಿಂಚಣಿ,
ಹೆಬ್ಬೆಟ್ಟಿನ ಗೆರೆ ಸಮೇತ ಈ ಡಬ್ಬದೊಳಗಿವೆ.
ಅರ್ಜಿಗೆ ಮೂವತ್ತು ರೂಪಾಯಿ ಎಣಿಸಿಕೊಂಡವಳು ನಾನು.
ಹೊತ್ತುಕೊಂಡದ್ದೆಷ್ಟು ಎಂದು ಆಗ ತೂಗಿರಲಿಲ್ಲ.

ಅಪ್ಪ ಮೂವತ್ತೊಂದು ವರ್ಷ ನೀರುಗಂಟಿ.
ಕಟ್ಟು ನೀರಿನ ರಾತ್ರಿಗಳಲ್ಲಿ ಗುದ್ದಲಿ ಹೆಗಲಿಗೇರಿಸಿ
ಯಾರಿಗೆ ಎಷ್ಟು ಗಳಿಗೆ ಎಂದು ಚುಕ್ಕಿ ನೋಡಿ
ತೂಬು ಎತ್ತಿದವನು, ಇಳಿಸಿದವನು.
ಅವನ ಕೈಯಿಂದ ನೀರು ಗದ್ದೆಗೆ ಹೋಗಬಹುದಿತ್ತು,
ಲೋಟಕ್ಕಲ್ಲ.

ಎದ್ದು ಬಂದು ಸ್ಟೂಲಿನ ಮೇಲೆ ಕೂತ.
'ಕಳ್ಳ ತೂಬು ಒಡೆಯಾಕಿಲ್ಲ ಕಣವ್ವ, ಸದ್ದಾಯ್ತದೆ.
ಬದೀಲಿ ಏಡಿ ಬಿಲ ಹುಡುಕ್ತಾನೆ.
ಬರಿಗಾಲಲ್ಲಿ ಬದದ ಮ್ಯಾಲೆ ಹೋಗು,
ತಣ್ಣಗಾದ ಕಡೆ ನಿಂತ್ಕೊ.'

ಹೋದೆ.
ಮೊದಲು ಹೊರಗಿನ ನೀಲಿ ವೈರು ಕಿತ್ತೆ.
ನಾಳೆ ನಾಳೆ ಎಂದು ತಳ್ಳಿದ ಅಪ್‌ಡೇಟುಗಳು ನಲವತ್ತೇಳು.
ರೂಟರಿನ ಗುಪ್ತಪದ ಅಂಗಡಿಯಿಂದ ಬಂದದ್ದೇ,
ಅದರ ಅಡಿಯ ಚೀಟಿಯಲ್ಲಿ ಅಚ್ಚಾಗಿದೆ.
ನನ್ನದೋ: ಅಪ್ಪನ ಹೆಸರು, ನಾನು ಹುಟ್ಟಿದ ವರ್ಷ.
ಬ್ಯಾಂಕಿಗೂ ಅದೇ, ಮೇಲಿಗೂ ಅದೇ.
'ಮಂಟಯ್ಯ ಅಂತ್ಲಾ? ಊರೆಲ್ಲ ಕೂಗೋ ಹೆಸ್ರಲ್ಲವ್ವ ಅದು,
ಬೀಗಕ್ಯಾಕೆ ಇಟ್ಟೆ?'

ಕೊನೆಗೆ ಕಾಲಿಗೆ ತಣ್ಣಗೆ ತಾಗಿತು.
ಆಷಾಢದಲ್ಲಿ ಪ್ರಿಂಟರು ಕೆಟ್ಟಾಗ
ಫೋನಿನಲ್ಲಿ ಒಬ್ಬ 'ಒಂಬತ್ತು ಅಂಕಿ ಓದಿ ಮೇಡಂ' ಅಂದಿದ್ದ.
ಓದಿದ್ದೆ.
ಬಾಣ ತಾನೇ ತಾನಾಗಿ ಪರದೆಯ ತುಂಬ ಓಡಾಡಿತು,
ಪ್ರಿಂಟರು ಕೆಮ್ಮಿ ಕಾಗದ ಉಗುಳಿತು,
ನಾನು ಥ್ಯಾಂಕ್ಸ್ ಕೂಡ ಹೇಳಿದೆ.
ಅವನು ಹೋಗಿರಲೇ ಇಲ್ಲ.
ದಿನಾ ಬೆಳಗ್ಗೆ ಸ್ವಿಚ್ ಒತ್ತಿದರೆ
ನನಗಿಂತ ಮೊದಲೇ ಎದ್ದು ಒಳಗೆ ಕೂತಿರುತ್ತಿದ್ದ.

ಏಡಿ ಅಲ್ಲ. ನಾನೇ ತೋಡಿದ ಬಿಲ.

ಕಿತ್ತೆ. ಬೇರು ಉಳಿದಿದೆಯೇ ಎಂದು ಸ್ಕ್ಯಾನಿಗಿಟ್ಟೆ.
ನೂರರಲ್ಲಿ ಮೂರು, ನೂರರಲ್ಲಿ ನಾಲ್ಕು,
ಹೆರಿಗೆ ವಾರ್ಡಿನ ಹೊರಗೆ ಕೂತ ಹಾಗೆ ಇಬ್ಬರೂ ಕೂತೆವು.
ಬಿಲ ಮುಚ್ಚಬಹುದು.
ಹರಿದು ಹೋದದ್ದನ್ನು ಯಾವ ಗುದ್ದಲಿಯಿಂದ ಬಳಿದು ತರಲಿ?
ಬೆಳಗ್ಗೆ ಪುಟ್ಟಮಾದಮ್ಮನ ಬಾಗಿಲಿಗೆ ಹೋಗಿ ಹೇಳಬೇಕು.
ಹೇಗೆ ಶುರು ಮಾಡಲಿ ಗೊತ್ತಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಗುರುತಿಲ್ಲದ ಫೋನು.
ದಿನಾ ರಾತ್ರಿ ಹತ್ತಕ್ಕೆ ಬಂದು ಒಂದಕ್ಕೆ ಹೋಗುವುದು.
ಇದೂ ಯಾರೋ ಎಂದು ಹಲ್ಲು ಕಚ್ಚಿ ಕಿಟಕಿ ತೆರೆದರೆ
ನಮ್ಮ ಗೋಡೆಗೊರಗಿ, ಮೆಟ್ಟಿಲ ಮೇಲೆ, ಮಫ್ಲರ್ ಸುತ್ತಿಕೊಂಡು
ಚೌಡಯ್ಯನ ಮಗಳು ಸೌಭಾಗ್ಯ.
ನರ್ಸಿಂಗ್ ಪಾಠ ಅರ್ಧಕ್ಕೆ ನಿಂತಿದೆ,
ಫೋನನ್ನು ಗಿಲಕಿಯಂತೆ ಅಲ್ಲಾಡಿಸುತ್ತಿದ್ದಾಳೆ.
ತುಟಿ ಮಾತ್ರ ಇನ್ನೂ ಮೂಳೆಗಳ ಹೆಸರು ಹೇಳುತ್ತಿದೆ.

ಅಪ್ಪನೂ ಇಣುಕಿದ. ತುಂಬ ಹೊತ್ತು ಸುಮ್ಮನಿದ್ದ.
'ನಾಲೆ ಕೊನೇಲಿ ಗದ್ದೆ ಇರೋರು,' ಅಂದ,
'ರಾತ್ರೀಲೇ ಬರೋದು.'

ಬೇರೆ ಕಾಲುವೆ ತೋಡಿದೆ, ಅತಿಥಿಗಳದು,
ನನ್ನ ಡಬ್ಬದ ಕಡೆಗೆ ತಿರುಗದ ಹಾಗೆ.
ಅದರ ಗುಪ್ತಪದ ಚೀಟಿಯಲ್ಲಿ ಬರೆದು ಕಿಟಕಿಯಿಂದ ಚಾಚಿದರೆ
ಅವಳು ಬೆಚ್ಚಿ ಎದ್ದು, ಚಪ್ಪಲಿ ಕೈಗೆತ್ತಿಕೊಂಡಿದ್ದಳು.

ನನ್ನ ಹೊಸ ಗುಪ್ತಪದ ಉದ್ದ, ಯಾರ ಹೆಸರೂ ಅಲ್ಲ.
ಅಪ್ಪನಿಗೆ ಹೇಳಹೋದೆ. ಕಿವಿ ಮುಚ್ಚಿಕೊಂಡ.

ನೀಲಿ ವೈರು ಮತ್ತೆ ಚುಚ್ಚಿದೆ. ದೀಪ ಮಿಟುಕಿತು.
ಅದು ಸೌಭಾಗ್ಯ. ಅದು ಸೌಭಾಗ್ಯ ಇರಬೇಕು.
ಅಪ್ಪ ಬ್ಯಾಟರಿ ಆರಿಸದೆ
ಇನ್ನೂ ಸ್ಟೂಲಿನ ಮೇಲೆಯೇ ಕೂತಿದ್ದಾನೆ.